ಮಕ್ಕಳಿಗೆ ದುಡ್ಡಿನ ವ್ಯವಹಾರ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿಹರೆಯದ ಮಕ್ಕಳಿಗೆ ದುಡ್ಡಿನ ಲೆಕ್ಕ ಹೇಳಿಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದ ಪ್ರಶ್ನೆಗಳಿವೆ. ಪತ್ರ ಬರೆದು ಕೇಳಿದವೂ ಇವೆ. ಸುತ್ತಿ ಬಳಸಿ ಅವೇ ಮತ್ತೆ ಮತ್ತೆ ಬರುವುದರಿಂದ ಒಂದೇ ಕಡೆ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊತ್ತ ಬಂದ ಕಡೆ ಬರೀ ಅಂಕಿ ಹಾಕಿದ್ದೇನೆ, ನಿಮ್ಮ ಮನೆಯ ಲೆಕ್ಕಕ್ಕೆ ಹೊಂದಿಸಿಕೊಳ್ಳಿ.

## ಚಿಕ್ಕ ಮಕ್ಕಳು, ಮೊದಲ ದುಡ್ಡು

ಎಷ್ಟನೇ ವಯಸ್ಸಿನಿಂದ ಶುರು ಮಾಡಬೇಕು? ನಮ್ಮವನಿಗೆ ಇನ್ನೂ ಆರು ವರ್ಷ.

ಈಗಲೇ ಶುರು ಮಾಡಿ. ಆರು ವರ್ಷದ ಮಗುವಿಗೆ ಬಡ್ಡಿ ಗೊತ್ತಾಗಬೇಕಿಲ್ಲ. ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ, ಒಂದನ್ನು ತಗೊಂಡರೆ ಇನ್ನೊಂದನ್ನು ಬಿಡಬೇಕು, ಇಷ್ಟು ಗೊತ್ತಾದರೆ ಸಾಕು. ಎರಡನೆಯದು ಮಾತ್ರ ಹೇಳಿ ಕಲಿಸುವಂಥದ್ದಲ್ಲ. ಅಂಗಡಿಯಲ್ಲಿ ಅವನ ಕೈಗೇ ದುಡ್ಡು ಕೊಟ್ಟು, "ಇಷ್ಟರಲ್ಲಿ ಒಂದು ಬರುತ್ತೆ, ಯಾವುದು ಬೇಕು?" ಅಂತ ಕೇಳಿ. ಎಷ್ಟು ಹೊತ್ತು ಬೇಕಾದರೂ ಯೋಚಿಸಲಿ. ಪಾಠ ನಡೆಯುವುದೇ ಆ ಯೋಚನೆಯಲ್ಲಿ.

2013ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಬ್ರಿಟನ್ನಿನಲ್ಲಿ ಒಂದು ವರದಿ ಕೊಟ್ಟರು. ದುಡ್ಡಿಗೆ ಸಂಬಂಧಪಟ್ಟ ಎಷ್ಟೋ ಅಭ್ಯಾಸಗಳು ಏಳು ವರ್ಷದ ಹೊತ್ತಿಗೇ ಬೇರು ಬಿಟ್ಟಿರುತ್ತವೆ ಎಂಬುದು ಅದರ ಸಾರ. ಹಾಗಂತ ಏಳು ದಾಟಿದವರು ಕೈ ಚೆಲ್ಲಬೇಕಿಲ್ಲ. ಹದಿನೆಂಟರಲ್ಲಿ ಶುರು ಮಾಡಿ ಚೆನ್ನಾಗಿ ಕಲಿತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಕ್ಕಳ ಕೈಗೆ ದುಡ್ಡು ಕೊಟ್ರೆ ಹಾಳಾಗಲ್ವಾ?

ಈ ಭಯ ನನಗೆ ಅರ್ಥವಾಗುತ್ತದೆ. ಆದರೆ ನೀರಿಗೆ ಇಳಿಸದೆ ಈಜು ಕಲಿಸಿದವರು ಯಾರೂ ಇಲ್ಲ. ಎಂಟನೇ ವಯಸ್ಸಿನಲ್ಲಿ ಹತ್ತು ಕಳೆದುಕೊಂಡ ಮಗು ಒಂದು ಸಂಜೆ ಅತ್ತು ಸುಮ್ಮನಾಗುತ್ತದೆ. ಆ ಅಳುವನ್ನು ತಪ್ಪಿಸಿ ಬೆಳೆಸಿದರೆ ಮೊದಲ ತಪ್ಪು ಇಪ್ಪತ್ತೈದರಲ್ಲಿ ಆಗುತ್ತದೆ. ಆಗ ಕೈಯಲ್ಲಿ ಪೂರ್ತಿ ಸಂಬಳ ಇರುತ್ತದೆ, ಸಾಲ ಕೊಡುವವರು ಬಾಗಿಲಲ್ಲೇ ನಿಂತಿರುತ್ತಾರೆ. ಮೊತ್ತ ಸಣ್ಣದಿರುವಾಗಲೇ ಮಕ್ಕಳು ತಪ್ಪು ಮಾಡಿ ಮುಗಿಸಲಿ ಎಂಬುದು ನನ್ನ ಗಟ್ಟಿ ನಂಬಿಕೆ. ಮುಂದಿನ ಉತ್ತರಗಳಲ್ಲೂ ಈ ಮಾತೇ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ.

ಕೇಳಿದಾಗೆಲ್ಲ ಕೊಡುವುದು ಬೇರೆ, ಗೊತ್ತುಪಡಿಸಿದ ದಿನ ಗೊತ್ತುಪಡಿಸಿದಷ್ಟು ಕೊಡುವುದು ಬೇರೆ. ಹಾಳಾಗುವುದು ಮೊದಲನೆಯದರಿಂದ. ಕಾಡಿಸಿದರೆ ಸಿಗುತ್ತದೆ ಎಂದು ಗೊತ್ತಾದ ಮಗು ಲೆಕ್ಕ ಕಲಿಯುವುದಿಲ್ಲ, ಕಾಡಿಸುವುದನ್ನೇ ಚೆನ್ನಾಗಿ ಕಲಿಯುತ್ತದೆ.

ಎಷ್ಟು ಕೊಡಬೇಕು? ದಿನಾ ಕೊಡೋದಾ, ವಾರಕ್ಕೊಮ್ಮೆಯಾ?

ಮೊತ್ತವನ್ನು ನಿಮ್ಮ ಮನೆ ತೀರ್ಮಾನಿಸಬೇಕು. ನಾನು ನೋಡುವುದು ಒಂದೇ: ಆ ದುಡ್ಡಿನಲ್ಲಿ ಮಗುವಿಗೆ ಬೇಕೆನಿಸಿದ್ದೆಲ್ಲ ಬರಬಾರದು, ಏನೂ ಬರದಷ್ಟು ಕಮ್ಮಿಯೂ ಇರಬಾರದು. ಎರಡರಲ್ಲಿ ಒಂದು ಆರಿಸುವ ಪರಿಸ್ಥಿತಿ ಬರುವಷ್ಟಿದ್ದರೆ ಸರಿ. ಹತ್ತು ವರ್ಷದ ತನಕ ವಾರಕ್ಕೊಮ್ಮೆ ಕೊಡಿ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಹದಿನಾಲ್ಕು ದಾಟಿದ ಮೇಲೆ ತಿಂಗಳಿಗೊಮ್ಮೆ. ಅಂತರ ಹೆಚ್ಚಿದಷ್ಟೂ ಮುಂದಾಲೋಚನೆ ಹೆಚ್ಚು ಬೇಕಾಗುತ್ತದೆ. ಕೊಡುವ ದಿನ ಮಾತ್ರ ತಪ್ಪಿಸಬೇಡಿ.

ಮನೆಗೆಲಸ ಮಾಡಿದ್ದಕ್ಕೆ ದುಡ್ಡು ಕೊಡಬಹುದಾ?

ತನ್ನ ತಟ್ಟೆ ತೊಳೆದಿದ್ದಕ್ಕೆ, ಹಾಸಿಗೆ ಮಡಚಿದ್ದಕ್ಕೆ ಬೇಡ. ಅದು ಮನೆಯವರೆಲ್ಲರ ಕೆಲಸ. ಕೂಲಿ ಕೊಟ್ಟು ಬೇರೆಯವರಿಂದ ಮಾಡಿಸುತ್ತಿದ್ದ ಕೆಲಸವನ್ನು ಮಗಳು ಮಾಡಿದರೆ ಕೊಡಿ, ಮೊದಲೇ ಮಾತಾಡಿಕೊಂಡು ಕೊಡಿ.

ಕೊಟ್ಟಿದ್ದೆಲ್ಲ ಎರಡೇ ದಿನದಲ್ಲಿ ಖಾಲಿ ಮಾಡ್ತಾನೆ. ಆಮೇಲೆ ಮುಖ ಸಣ್ಣ ಮಾಡ್ಕೊಂಡು ಬರ್ತಾನೆ. ಏನ್ ಮಾಡ್ಲಿ?

ಏನೂ ಮಾಡಬೇಡಿ. ಕಷ್ಟ ಅಂತ ಗೊತ್ತು. ಆದರೆ ಆ ಐದು ದಿನ ಅವನು ಖಾಲಿ ಕೈಯಲ್ಲಿ ಇರಲಿ. ಬೈಯಬೇಡಿ, "ನಾನು ಹೇಳಿರಲಿಲ್ವಾ" ಅನ್ನಬೇಡಿ, ಗುಟ್ಟಾಗಿ ಅಜ್ಜಿಯ ಕೈಯಿಂದ ಕೊಡಿಸಲೂಬೇಡಿ. ಮುಂದಿನ ವಾರ ಕೊಡುವಾಗ ಒಂದೇ ಮಾತು ಕೇಳಿ: "ಈ ಸಲ ಹೇಗೆ ಮಾಡ್ತೀಯಾ?" ನಾಲ್ಕೈದು ವಾರ ಹೀಗೇ ಆಗಬಹುದು. ಮುಂಗಡ ಕೇಳಿದರೆ ಒಂದು ಸಲ ಕೊಟ್ಟು ನೋಡಿ. ಹತ್ತು ಕೊಟ್ಟು ಮುಂದಿನ ವಾರ ಹನ್ನೊಂದು ಹಿಡಿದುಕೊಳ್ಳಿ. ಬಡ್ಡಿ ಅಂದರೇನು ಎಂದು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪಾಠ ನನಗೆ ಗೊತ್ತಿಲ್ಲ.

ಕಾಯೋ ಗುಣ ಹುಟ್ಟಿನಿಂದ ಬರೋದಲ್ವಾ? ಅಕ್ಕನಿಗೆ ಇದೆ, ತಮ್ಮನಿಗೆ ಇಲ್ಲ.

ಸ್ಟ್ಯಾನ್‌ಫರ್ಡ್‌ನ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಗೆ ಶುರು ಮಾಡಿದ ಪ್ರಯೋಗದ ಬಗ್ಗೆ ಎಲ್ಲೋ ಕೇಳಿರುತ್ತೀರಿ. ಮಗುವಿನ ಮುಂದೆ ಒಂದು ಸಿಹಿ ಇಟ್ಟು, ಈಗಲೇ ತಿಂದರೆ ಒಂದು, ನಾನು ಬರುವ ತನಕ ಕಾದರೆ ಎರಡು ಅಂತ ಹೇಳಿ ಹೋಗುತ್ತಿದ್ದರು. ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು ಎಂಬ ಮಾತು ಬಹಳ ಕಾಲ ಓಡಾಡಿತು. 2018ರಲ್ಲಿ ಹೆಚ್ಚು ಮಕ್ಕಳನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ ಆ ನಂಟು ಅಷ್ಟು ಬಲವಾಗಿರಲಿಲ್ಲ. ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತಗೊಂಡರೆ ಬಹಳ ಮಟ್ಟಿಗೆ ಕರಗಿಯೇ ಹೋಯಿತು.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು 2013ರ ಇನ್ನೊಂದು ಪ್ರಯೋಗ. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 28 ಮಕ್ಕಳೊಂದಿಗೆ ನಡೆದದ್ದು. ಸಿಹಿ ಇಡುವ ಮೊದಲು, ಚಿತ್ರ ಬರೆಯುವ ಒಳ್ಳೆಯ ಸಾಮಾನು ತಂದುಕೊಡುತ್ತೇನೆ ಅಂತ ಎಲ್ಲ ಮಕ್ಕಳಿಗೂ ಹೇಳಿದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರಿಗೆ "ಇಲ್ಲ, ಸಿಗಲಿಲ್ಲ" ಅಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು ಕಾದದ್ದು 3 ನಿಮಿಷ. ಕೊಡುವ ದಿನ ತಪ್ಪಿಸಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಾಳೆ ಸಿಗುತ್ತದೆ ಎಂಬ ನಂಬಿಕೆ ಇಲ್ಲದ ಮಗು ಯಾಕೆ ಕಾಯಬೇಕು? ಹುಂಡಿಯಲ್ಲಿ ಅವನು ಕೂಡಿಟ್ಟ ದುಡ್ಡನ್ನು ಮನೆಯ ಅವಸರಕ್ಕೆ ತೆಗೆದು ವಾಪಸ್ ಹಾಕದ ಅಪ್ಪ ಅಮ್ಮಂದಿರು ಇದನ್ನು ಎರಡು ಸಲ ಓದಬೇಕು.

ಮನೆಗೆ ಬರೋ ದುಡ್ಡೆಷ್ಟು ಅಂತ ಮಕ್ಕಳಿಗೆ ಹೇಳಬೇಕಾ?

ಮೊತ್ತ ಹೇಳಲು ಮುಜುಗರ ಆದರೆ ಪಾಲು ತೋರಿಸಿ. ನೂರು ಗುಂಡಿಗಳನ್ನು ಮೇಜಿನ ಮೇಲೆ ಸುರಿಯಿರಿ. ಇದು ಒಂದು ತಿಂಗಳ ಸಂಪಾದನೆ ಅನ್ನಿ. ಬಾಡಿಗೆಗೆ ಇಷ್ಟು, ಊಟಕ್ಕೆ ಇಷ್ಟು, ಫೀಸಿಗೆ, ಔಷಧಿಗೆ, ಕಂತಿಗೆ ಅಂತ ಮಗುವಿನ ಕೈಯಲ್ಲೇ ಗುಂಪು ಮಾಡಿಸಿ. ನಾನು ಇದನ್ನು ಒಂದು ಮನೆಯಲ್ಲಿ ಕೂತು ಮಾಡಿಸಿದಾಗ ಕೊನೆಗೆ ಆರು ಗುಂಡಿ ಉಳಿದವು. ಹನ್ನೊಂದು ವರ್ಷದ ಹುಡುಗ ಆ ಆರನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಎರಡನ್ನು ತೆಗೆದು ಪಕ್ಕಕ್ಕಿಟ್ಟು, "ಇದು ಯಾರಿಗಾದ್ರೂ ಹುಷಾರಿಲ್ದಿದ್ರೆ" ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಮನೆಯ ಸ್ಥಿತಿ ತಿಳಿಸುವುದು ಬೇರೆ, ನಿಮ್ಮ ಆತಂಕವನ್ನು ಮಗುವಿನ ತಲೆಗೆ ಕಟ್ಟುವುದು ಬೇರೆ. ರಾತ್ರಿ ನಿದ್ದೆ ಬಾರದ ಚಿಂತೆಯನ್ನು ದೊಡ್ಡವರೇ ಇಟ್ಟುಕೊಳ್ಳಬೇಕು.

## ಹದಿಹರೆಯ

ಖರ್ಚು ಬರೆದಿಡು ಅಂದ್ರೆ ಬೋರು ಅಂತಾಳೆ. ಬರೀಲೇಬೇಕಾ?

ಜೀವನ ಪೂರ್ತಿ ಬೇಡ. ಒಂದು ತಿಂಗಳು ಬರೆದರೆ ಸಾಕು. ಆದರೆ ಆ ಒಂದು ತಿಂಗಳು ಪೂರ್ತಿ ಬರೆಯಬೇಕು, ಅದೂ ಖರ್ಚಾದ ತಕ್ಷಣ.

ನನ್ನ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗಿ ಪುಸ್ತಕದಲ್ಲಿ ಮೂರು ಗೆರೆ ಎಳೆದು ತಾರೀಖು, ಮೊತ್ತ, ಯಾಕೆ ಅಂತ ಬರೆದುಕೊಂಡಿದ್ದಳು. ಮೊದಲ ವಾರ "ಯಾಕೆ" ಎಂಬಲ್ಲಿ ಬಸ್ಸು, ಪೆನ್ನು, ಜೆರಾಕ್ಸ್ ಎಂದೆಲ್ಲ ಇತ್ತು. ಎರಡನೇ ವಾರದಿಂದ ಒಂದೊಂದಾಗಿ "ಸುಮ್ನೆ" ಎಂಬ ಪದ ಕಾಣತೊಡಗಿತು. ತಿಂಗಳ ಕೊನೆಗೆ ಹನ್ನೊಂದು "ಸುಮ್ನೆ"ಗಳಿದ್ದವು. ಅವಳೇ ಕೂಡಿಸಿದಳು. ಅವಳು ಆರು ತಿಂಗಳಿಂದ ಬೇಕು ಅನ್ನುತ್ತಿದ್ದ ಬೂಟಿನ ಅರ್ಧ ಬೆಲೆ ಆ ಸಾಲುಗಳಲ್ಲೇ ಇತ್ತು. ನಾನು ಏನೂ ಹೇಳಲಿಲ್ಲ. ಹೇಳಲು ಉಳಿದಿದ್ದಾದರೂ ಏನು? ಈಗಲೂ ಎಲ್ಲರಿಗೂ ಹೇಳುತ್ತೇನೆ, ಕಾರಣ ಹೊಳೆಯದಿದ್ದರೆ ಪ್ರಾಮಾಣಿಕವಾಗಿ "ಸುಮ್ನೆ" ಅಂತಲೇ ಬರೆಯಿರಿ.

ಎಲ್ಲರ ಹತ್ರ ಇದೆ, ನನ್ನ ಹತ್ರ ಮಾತ್ರ ಇಲ್ಲ ಅಂತ ದಿನಾ ಗಲಾಟೆ. ಬೇಕು, ಬೇಡ ಹೇಗೆ ವಿವರಿಸೋದು?

ಆ ವಯಸ್ಸಿನಲ್ಲಿ ಗೆಳೆಯರ ಗುಂಪಿನಲ್ಲಿ ಸೇರಿಕೊಳ್ಳುವುದೂ ಒಂದು ಅಗತ್ಯವೇ. ಅದನ್ನು ಆಡಂಬರ ಅಂತ ತಳ್ಳಿಹಾಕಿದರೆ ಅವರು ನಿಮ್ಮ ಮುಂದಿನ ಮಾತು ಕೇಳುವುದಿಲ್ಲ. ಬದಲಿಗೆ, ಮಾಮೂಲಿ ಬೂಟಿಗೆ ನೀವು ಖರ್ಚು ಮಾಡುತ್ತಿದ್ದ ದುಡ್ಡನ್ನು ಅವಳ ಕೈಗೆ ಕೊಡಿ. ಹೆಸರಿನ ಬೂಟೇ ಬೇಕಿದ್ದರೆ ಮೇಲಿನ ದುಡ್ಡು ಅವಳು ಕೂಡಿಸಲಿ. ದೊಡ್ಡ ಖರೀದಿಗೆ ಮೂವತ್ತು ದಿನದ ಗಡುವು ಇಟ್ಟುಕೊಳ್ಳಿ. ಬೇಕು ಅನಿಸಿದ್ದನ್ನು ತಾರೀಖಿನ ಜೊತೆ ಗೋಡೆಗೆ ಅಂಟಿಸಿ, ತಿಂಗಳಾದ ಮೇಲೂ ಬೇಕು ಅನಿಸಿದರೆ ತಗೊಳ್ಳಲಿ. ನಾನು ಕಂಡಂತೆ ಎಷ್ಟೋ ಚೀಟಿಗಳು ಗೋಡೆಯಲ್ಲೇ ಹಳೆಯದಾಗುತ್ತವೆ.

ಈಗ ಎಲ್ಲಾ ಫೋನಲ್ಲೇ ಪಾವತಿ. ದುಡ್ಡು ಕಣ್ಣಿಗೇ ಕಾಣಲ್ಲ. ಇದರಲ್ಲಿ ಹೇಗೆ ಕಲಿಸೋದು?

ಕಷ್ಟ ನಿಜ. ನೋಟು ಎಣಿಸಿ ಕೊಡುವಾಗ ಕೈಗೆ ಒಂದು ನೋವು ಆಗುತ್ತದೆ, ಪರದೆ ಮುಟ್ಟಿದರೆ ಆಗುವುದಿಲ್ಲ. 2001ರಲ್ಲಿ ಅಮೆರಿಕದ ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಆಟದ ಟಿಕೆಟ್ ಹರಾಜಿಗಿಟ್ಟು ನೋಡಿದರು. ಕ್ರೆಡಿಟ್ ಕಾರ್ಡಿನಲ್ಲಿ ಕೊಡಬೇಕಾದವರು ಕೂಗಿದ ಬೆಲೆ ನಗದು ಕೊಡಬೇಕಾದವರದಕ್ಕಿಂತ ಬಹಳ ಜಾಸ್ತಿ ಇತ್ತು, ಕೆಲವು ಕಡೆ ಎರಡು ಪಟ್ಟಿನಷ್ಟು.

ಹಾಗಾಗಿ ಮೊದಲ ಕೆಲವು ವರ್ಷ ನಗದಿನಲ್ಲೇ ಕಲಿಸಿ. ಫೋನಿಗೆ ಬಂದಾಗ, ಅವರ ಖರ್ಚಿನ ಖಾತೆಯನ್ನು ಬೇರೆಯೇ ಇಡಿ. ಅದರಲ್ಲಿ ತಿಂಗಳ ಕೈಖರ್ಚು ಬಿಟ್ಟು ಬೇರೇನೂ ಇರಬಾರದು. ಆಟದ ಆಪ್‌ಗಳಲ್ಲಿ, ತಿಂಗಳ ಚಂದಾಗಳಲ್ಲಿ ಕಾರ್ಡಿನ ವಿವರ ಉಳಿಸಬೇಡಿ. ಪ್ರತಿ ಸಲ ಅಂಕಿಗಳನ್ನು ಟೈಪ್ ಮಾಡುವ ತೊಂದರೆ ಇರಲಿ. ಆ ಒಂದು ನಿಮಿಷದಲ್ಲಿ ಮನಸ್ಸು ಬದಲಾಗುವುದುಂಟು.

ಹುಂಡಿಯಲ್ಲೋ ಖಾತೆಯಲ್ಲೋ ಸುಮ್ನೆ ಇಟ್ರೆ ಸಾಲದಾ?

ಸ್ವಲ್ಪ ದಿನಕ್ಕೆ ಸಾಕು, ಬಹಳ ವರ್ಷಕ್ಕೆ ಸಾಲದು. 72 ಎಂಬ ಅಂಕಿಯನ್ನು ಮಕ್ಕಳಿಗೆ ನೆನಪಿಟ್ಟುಕೊಳ್ಳಲು ಹೇಳಿ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ದುಡ್ಡು ಎರಡು ಪಟ್ಟಾಗಲು ಬೇಕಾದ ವರ್ಷ ಹತ್ತಿರ ಹತ್ತಿರ ಸಿಗುತ್ತದೆ. ಶೇ. 8ಕ್ಕೆ 9 ವರ್ಷ, ಶೇ. 6ಕ್ಕೆ 12 ವರ್ಷ. ಇದೇ ಲೆಕ್ಕ ಬೆಲೆ ಏರಿಕೆಗೂ ನಡೆಯುತ್ತದೆ. ಬೆಲೆಗಳು ವರ್ಷಕ್ಕೆ ಶೇ. 6 ಏರುತ್ತಿದ್ದರೆ, ಹುಂಡಿಯಲ್ಲಿರುವ ದುಡ್ಡು 12 ವರ್ಷದಲ್ಲಿ ಈಗಿನ ಅರ್ಧ ಸಾಮಾನನ್ನಷ್ಟೇ ತರುತ್ತದೆ. ಯಾರೂ ಕದಿಯದೆ ಅರ್ಧ ಹೋಯಿತಲ್ಲ ಅಂತ ಮಕ್ಕಳು ಬೆರಗಾಗುತ್ತಾರೆ. ಆ ಬೆರಗು ಒಳ್ಳೆಯದು.

ಮೋಸದ ಕರೆ, ಮೆಸೇಜು ಇವುಗಳ ಬಗ್ಗೆ ಏನು ಹೇಳಿಕೊಡಬೇಕು?

ಒಟಿಪಿ, ಪಿನ್ ಯಾರಿಗೂ ಹೇಳಬಾರದು ಎಂಬುದು ಈಗ ಎಲ್ಲ ಮಕ್ಕಳ ಬಾಯಲ್ಲೂ ಇದೆ. ಗೊತ್ತಿಲ್ಲದಿರುವುದು ಇನ್ನೊಂದು. "ನಿನ್ನ ಖಾತೆಗೆ ಸ್ವಲ್ಪ ದುಡ್ಡು ಬರುತ್ತೆ, ಬೇರೆಯವರಿಗೆ ಕಳಿಸು, ನಿನಗೂ ಒಂದು ಪಾಲು" ಅಂತ ಹುಡುಗರನ್ನು ಹುಡುಕಿಕೊಂಡು ಬರುವವರಿದ್ದಾರೆ. ಬರುವುದು ಯಾರಿಂದಲೋ ದೋಚಿದ ದುಡ್ಡು. ಪೊಲೀಸರು ಬಂದಾಗ ದಾಖಲೆಯಲ್ಲಿ ಇರುವುದು ಆ ಹುಡುಗನ ಹೆಸರು. ಖಾತೆಯನ್ನು ಯಾರಿಗೂ, ಎಷ್ಟೇ ಹತ್ತಿರದ ಗೆಳೆಯನಿಗೂ, ಬಾಡಿಗೆಗೆ ಕೊಡಬಾರದು. ಇದನ್ನು ಬಿಡಿಸಿ ಹೇಳಿ, ಎರಡು ಮೂರು ಸಲ ಹೇಳಿ.

ಇನ್ನೊಂದು ಮಾತನ್ನೂ ಸೇರಿಸಿ: "ಮೋಸ ಹೋದ್ರೆ ಮೊದಲು ನನ್ನ ಹತ್ರ ಬಾ, ಬೈಯಲ್ಲ." ಬೈಗುಳದ ಭಯಕ್ಕೆ ಮುಚ್ಚಿಟ್ಟು ಕಳೆದ ಒಂದೆರಡು ದಿನದಲ್ಲೇ ದುಡ್ಡು ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ.

## ಮೊದಲ ಸಂಬಳದ ಮೇಲೆ

ಮೊದಲ ಸಂಬಳ ಬಂತು. ಎಷ್ಟು ಖರ್ಚು ಮಾಡ್ಲಿ, ಎಷ್ಟು ಉಳಿಸ್ಲಿ?

ಮೊದಲ ತಿಂಗಳು ಖುಷಿಯಾಗಿ ಖರ್ಚು ಮಾಡಿ. ಅದರಲ್ಲಿ ತಪ್ಪಿಲ್ಲ. ಎರಡನೇ ತಿಂಗಳಿಂದ ಲೆಕ್ಕ ಶುರುವಾಗಲಿ. ಅಗತ್ಯಕ್ಕೆ ಶೇ. 50, ಇಷ್ಟಕ್ಕೆ 30, ಉಳಿತಾಯಕ್ಕೆ 20 ಎಂಬ ಸೂತ್ರ ಎಲ್ಲ ಕಡೆ ಓಡಾಡುತ್ತದೆ. ಅಪ್ಪ ಅಮ್ಮನ ಮನೆಯಲ್ಲೇ ಇರುವವರಿಗೆ ಅದು ತೀರಾ ಸಡಿಲ. ಬಾಡಿಗೆ ಕಟ್ಟಿ, ಮನೆಗೂ ಕಳಿಸುವವರಿಗೆ ತೀರಾ ಬಿಗಿ. ಪಾಲಿಗಿಂತ ಕ್ರಮ ಮುಖ್ಯ. ಖರ್ಚು ಮಾಡಿ ಉಳಿದದ್ದನ್ನು ಉಳಿಸುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ. ಸಂಬಳ ಬಂದ ದಿನವೇ ತಾನಾಗಿ ಬೇರೆ ಖಾತೆಗೆ ಹೋಗುವ ಹಾಗೆ ಮಾಡಿಬಿಡಿ.

ಮೊದಲ ಗುರಿ ಕಷ್ಟಕಾಲದ ಗಂಟು. ಕೆಲಸ ಹೋದರೂ ಮೂರರಿಂದ ಆರು ತಿಂಗಳು ಊಟ, ಬಾಡಿಗೆ ನಡೆಯುವಷ್ಟು. ಇದು ಆಗುವ ತನಕ ಷೇರಿನ ಮಾತು ಬೇಡ.

ಈಗ ಸಂಬಳವೇ ಕಮ್ಮಿ. ಮೂವತ್ತಾದ ಮೇಲೆ ಜಾಸ್ತಿ ಉಳಿಸಿದ್ರೆ ಆಯ್ತಲ್ವಾ?

ಇದಕ್ಕೆ ಲೆಕ್ಕವೇ ಉತ್ತರ ಹೇಳಲಿ. ಇಬ್ಬರು ಗೆಳತಿಯರು ಅಂದುಕೊಳ್ಳಿ. ಮೊದಲನೆಯವಳು ಇಪ್ಪತ್ತರಿಂದ ಮೂವತ್ತರ ತನಕ, ಹತ್ತೇ ವರ್ಷ, ವರ್ಷಕ್ಕೆ 12,000 ಹಾಕಿ ನಿಲ್ಲಿಸಿಬಿಟ್ಟಳು. ಆ ದುಡ್ಡನ್ನು ಮುಟ್ಟಲಿಲ್ಲ. ಎರಡನೆಯವಳು ಮೂವತ್ತಕ್ಕೆ ಶುರು ಮಾಡಿ ಅರವತ್ತರ ತನಕ ವರ್ಷವೂ 12,000 ಹಾಕಿದಳು. ಇಬ್ಬರಿಗೂ ವರ್ಷಕ್ಕೆ ಶೇ. 8 ಬೆಳೆಯಿತು ಅಂತಿಟ್ಟುಕೊಳ್ಳೋಣ. ಮೊದಲನೆಯವಳ ಜೇಬಿನಿಂದ ಹೋದದ್ದು 1.2 ಲಕ್ಷ. ಎರಡನೆಯವಳದು 3.6 ಲಕ್ಷ. ಅರವತ್ತನೇ ವರ್ಷದಲ್ಲಿ ಮೊದಲನೆಯವಳ ಹತ್ತಿರ ಸುಮಾರು 17.5 ಲಕ್ಷ ಇರುತ್ತದೆ, ಎರಡನೆಯವಳ ಹತ್ತಿರ ಸುಮಾರು 13.6 ಲಕ್ಷ. ಮೂರನೇ ಒಂದು ಭಾಗ ಹಾಕಿದವಳೇ ಮುಂದೆ.

ಶೇ. 8 ಖಚಿತವಾಗಿ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ, ಬೆಲೆ ಏರಿಕೆಯೂ ಅದರಲ್ಲಿ ಒಂದಷ್ಟು ತಿನ್ನುತ್ತದೆ. ಆದರೆ ಚಕ್ರಬಡ್ಡಿ ನಡೆಯುವ ರೀತಿ ಇದು. ಈಗ ನಿಜವಾಗಿಯೂ ಕೈ ಸಾಗದಿದ್ದರೆ, ಮುಂದಿನ ಸಂಬಳ ಏರಿಕೆಯ ಅರ್ಧ ಉಳಿತಾಯಕ್ಕೆ ಎಂದು ಇವತ್ತೇ ಬರೆದು ಸಹಿ ಹಾಕಿ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರ್ಮಿಕರು ಹೀಗೆ ಮುಂಚೆಯೇ ಒಪ್ಪಿಕೊಂಡಿದ್ದರು. ಅವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ 13.6ಕ್ಕೆ ಏರಿತು. ಕೈಗೆ ಬರದ ದುಡ್ಡನ್ನು ಬಿಟ್ಟುಕೊಡಲು ಯಾರಿಗೂ ಅಷ್ಟು ನೋವಾಗುವುದಿಲ್ಲ.

ಕ್ರೆಡಿಟ್ ಕಾರ್ಡಲ್ಲಿ ಕನಿಷ್ಠ ಮೊತ್ತ ಕಟ್ಟಿದ್ರೆ ಸಾಕು ಅಂತಾರೆ. ಹೌದಾ?

ದಂಡ ತಪ್ಪುತ್ತದೆ, ಸಾಲ ಕರಗುವುದಿಲ್ಲ. 10,000 ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3, ಕನಿಷ್ಠ ಮೊತ್ತ ಬಾಕಿಯ ಶೇ. 5 ಅಂತಿಟ್ಟುಕೊಳ್ಳಿ. ತಿಂಗಳ ಕೊನೆಗೆ ಬಾಕಿ 10,300 ಆಗುತ್ತದೆ. ನೀವು 515 ಕಟ್ಟುತ್ತೀರಿ. ಉಳಿಯುವುದು 9,785. ಐದುನೂರು ಚಿಲ್ಲರೆ ಕೊಟ್ಟು ಸಾಲದಲ್ಲಿ ಕಮ್ಮಿಯಾದದ್ದು 215. ಹೀಗೇ ಕಟ್ಟುತ್ತಾ ಹೋದರೆ, ಹೊಸದಾಗಿ ಏನೂ ಕೊಳ್ಳದಿದ್ದರೂ, ಸಾಲ ಅರ್ಧಕ್ಕೆ ಇಳಿಯಲು ಎರಡೂವರೆ ವರ್ಷ ದಾಟುತ್ತದೆ. ತಿಂಗಳಿಗೆ ಶೇ. 3 ಅಂದರೆ ವರ್ಷಕ್ಕೆ 36 ಅಲ್ಲ, ಬಡ್ಡಿಗೆ ಬಡ್ಡಿ ಸೇರಿ ಸುಮಾರು 42.6.

ಕಾರ್ಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಖಾತೆಯಲ್ಲಿ ಆಗಲೇ ಇರುವ ದುಡ್ಡಿಗೆ ಮಾತ್ರ ಕಾರ್ಡ್ ಉಜ್ಜಿ, ಗಡುವಿನೊಳಗೆ ಪೂರ್ತಿ ಕಟ್ಟಿ.

ಬಡ್ಡಿ ಬರೀ ಹನ್ನೆರಡು ಅಂದ್ರು. ಸಾಲ ತಗೋಬಹುದಾ?

ಯಾವ ಹನ್ನೆರಡು ಅಂತ ಕೇಳಿ. 12,000 ಸಾಲ, ಹನ್ನೆರಡು ಕಂತು. ಮೊದಲಿನ ಪೂರ್ತಿ ಮೊತ್ತದ ಮೇಲೆ ಶೇ. 12 ಅಂದರೆ ಬಡ್ಡಿ 1,440, ತಿಂಗಳಿಗೆ 1,120 ಕಟ್ಟಬೇಕು. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಹೆಚ್ಚುಕಮ್ಮಿ ಅರ್ಧ ಅಸಲು ವಾಪಸ್ ಕೊಟ್ಟಾಗಿರುತ್ತದೆ. ಆದರೂ ಪೂರ್ತಿ ಹನ್ನೆರಡು ಸಾವಿರಕ್ಕೆ ಬಡ್ಡಿ ತೆರುತ್ತಲೇ ಇರುತ್ತೀರಿ. ನಿಮ್ಮ ಹತ್ತಿರ ನಿಜವಾಗಿ ಉಳಿದ ಸಾಲಕ್ಕೆ ಲೆಕ್ಕ ಹಾಕಿದರೆ ದರ ಸುಮಾರು ಶೇ. 21.5 ಆಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ: "ಇಳಿಯುವ ಬಾಕಿಯ ಮೇಲೆ ವರ್ಷಕ್ಕೆ ಎಷ್ಟು? ಎಲ್ಲ ಶುಲ್ಕ ಸೇರಿ ಒಟ್ಟು ಎಷ್ಟು ವಾಪಸ್ ಕೊಡ್ತೀನಿ?" ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಬಡ್ಡಿಯೇ ಇಲ್ಲ ಅನ್ನುವ ಕಂತಿನಲ್ಲೂ ಶುಲ್ಕ ಎಷ್ಟು, ನಗದು ಕೊಟ್ಟರೆ ಎಷ್ಟು ಬಿಡುತ್ತಾರೆ ಅಂತ ಕೇಳಿ ನೋಡಿ.

ಗೆಳೆಯನ ಸಾಲಕ್ಕೆ ಜಾಮೀನು ಹಾಕಬಹುದಾ? ಬರೀ ಒಂದು ಸಹಿ ಅಂತಾನೆ.

ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ನಾನೂ ಹಾಗೇ ಕೇಳಿಸಿಕೊಂಡು ಸಹಿ ಹಾಕಿದೆ. ಸಾಲ ಕೊಡುವ ಕಡೆಯವರೂ "ಪದ್ಧತಿಗೆ ಒಂದು ಸಹಿ ಬೇಕು ಅಷ್ಟೇ" ಅಂದಿದ್ದರು. ಏಳು ತಿಂಗಳಾದ ಮೇಲೆ ಗೆಳೆಯನ ಕೆಲಸ ಹೋಯಿತು. ಆಮೇಲೆ ಫೋನು ಬಂದದ್ದು ನನಗೆ. ಎರಡು ವರ್ಷ ನನ್ನ ಸಂಬಳದಿಂದ ಕಟ್ಟಿದೆ. ದುಡ್ಡಿಗಿಂತ ಹೆಚ್ಚು ನೋವಾದದ್ದು, ಅವನು ನನ್ನ ಮುಖ ನೋಡಲು ನಾಚಿ ದೂರ ಆದದ್ದು. ಜಾಮೀನು ಅಂದರೆ ಅವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎಂಬ ಮಾತು. ಆ ಪೂರ್ತಿ ಮೊತ್ತ ಕಳೆದುಕೊಂಡರೂ ನಿಮ್ಮ ಮನೆ ನಡೆಯುತ್ತದೆ, ಸ್ನೇಹವೂ ಉಳಿಯುತ್ತದೆ ಅನಿಸಿದರೆ ಹಾಕಿ. ಇಲ್ಲದಿದ್ದರೆ ನಿಮ್ಮ ಕೈಲಾದಷ್ಟು ದುಡ್ಡನ್ನು ಹಾಗೇ ಕೊಟ್ಟುಬಿಡಿ, ವಾಪಸ್ ನಿರೀಕ್ಷೆ ಬೇಡ.

ಮೂರು ತಿಂಗಳಲ್ಲಿ ದುಡ್ಡು ಡಬಲ್ ಆಗುತ್ತೆ ಅಂತ ಕಾಲೇಜಲ್ಲೆಲ್ಲ ಹಾಕ್ತಿದ್ದಾರೆ. ಕೆಲವರಿಗೆ ನಿಜವಾಗ್ಲೂ ಬಂದಿದೆ.

ಬಂದೇ ಬರುತ್ತದೆ, ಮೊದಲು ಹಾಕಿದವರಿಗೆ. 1920ರಲ್ಲಿ ಬಾಸ್ಟನ್ನಿನಲ್ಲಿ ಚಾರ್ಲ್ಸ್ ಪೊಂಜಿ ಎಂಬಾತ 45 ದಿನಕ್ಕೆ ಶೇ. 50, 90 ದಿನಕ್ಕೆ ಡಬಲ್ ಅಂದ. ಬೇರೆ ಬೇರೆ ದೇಶಗಳ ಅಂಚೆ ಕೂಪನ್‌ಗಳ ಬೆಲೆ ವ್ಯತ್ಯಾಸದಿಂದ ಲಾಭ ಬರುತ್ತದೆ ಅಂತ ನಂಬಿಸಿದ. ನಿಜದಲ್ಲಿ ಹೊಸಬರ ದುಡ್ಡು ಹಳಬರಿಗೆ ಹೋಗುತ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಅವನ ಬಂಧನವಾಯಿತು. ನೂರು ವರ್ಷ ಕಳೆದರೂ ಆಟ ಅದೇ, ಹೆಸರು ಮಾತ್ರ ಹೊಸದು. ಲಾಭ ಎಲ್ಲಿಂದ ಹುಟ್ಟುತ್ತದೆ ಅಂತ ಕೇಳಿದಾಗ "ಇನ್ನಿಬ್ಬರನ್ನು ಸೇರಿಸು" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ಗೆಳೆಯನಿಗೆ ದುಡ್ಡು ಬಂದದ್ದು ಯೋಜನೆ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿ ಆಗುವುದಿಲ್ಲ. ಅವನಿಗೆ ಬಂದದ್ದು ಬಹುಶಃ ನಿಮ್ಮ ಪಕ್ಕದ ಬೆಂಚಿನವನ ದುಡ್ಡು.

## ಕಲಿಸುವವರಿಗೆ

ಮಗಳಿಗೆ ಎಷ್ಟು ಗೊತ್ತಿದೆ ಅಂತ ನೋಡೋದು ಹೇಗೆ?

ಅನ್ನಾಮರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ಎಂಬ ಅರ್ಥಶಾಸ್ತ್ರಜ್ಞೆಯರು ರೂಪಿಸಿದ ಮೂರು ಪ್ರಶ್ನೆ ಇವೆ. ಮಗಳ ಜೊತೆ ನೀವೂ ಉತ್ತರಿಸಿ. ಒಂದು: ಖಾತೆಯಲ್ಲಿ 100 ಇದೆ, ವರ್ಷಕ್ಕೆ ಶೇ. 2 ಬಡ್ಡಿ. ಐದು ವರ್ಷಕ್ಕೆ 102ಕ್ಕಿಂತ ಜಾಸ್ತಿ ಇರುತ್ತದಾ, ಕಮ್ಮಿಯಾ, ಅಷ್ಟೇನಾ? ಎರಡು: ಬಡ್ಡಿ ಶೇ. 1, ಬೆಲೆ ಏರಿಕೆ ಶೇ. 2. ವರ್ಷದ ಕೊನೆಗೆ ಆ ದುಡ್ಡಿಗೆ ಬರುವ ಸಾಮಾನು ಜಾಸ್ತಿಯಾ, ಕಮ್ಮಿಯಾ? ಮೂರು: ಹಲವು ಷೇರು ಸೇರಿದ ಫಂಡಿಗಿಂತ ಒಂದೇ ಕಂಪನಿಯ ಷೇರು ಹೆಚ್ಚು ಸುರಕ್ಷಿತವಾ? ಉತ್ತರಗಳು ಜಾಸ್ತಿ, ಕಮ್ಮಿ, ಅಲ್ಲ. ಅಮೆರಿಕದಲ್ಲಿ 2004ರಲ್ಲಿ ಐವತ್ತು ದಾಟಿದವರಿಗೆ ಇವನ್ನೇ ಕೇಳಿದಾಗ ಮೂರಕ್ಕೂ ಸರಿಯಾಗಿ ಹೇಳಿದವರು ಮೂರರಲ್ಲಿ ಒಬ್ಬರು ಮಾತ್ರ. ಮಗಳು ತಪ್ಪಿದರೆ ಬೇಜಾರು ಬೇಡ.

ಶಾಲೆಯಲ್ಲೇ ಒಂದು ಪಾಠ ಇಟ್ಟುಬಿಟ್ರೆ ಸಾಲದಾ?

2014ರಲ್ಲಿ ದುಡ್ಡಿನ ಪಾಠದ ಬಗ್ಗೆ ನಡೆದ 201 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರಿಗೆ ನಿರಾಸೆಯಾಯಿತು. ದುಡ್ಡಿನ ವಿಷಯದಲ್ಲಿ ಒಬ್ಬರ ನಡವಳಿಕೆಗೂ ಇನ್ನೊಬ್ಬರದಕ್ಕೂ ಇರುವ ವ್ಯತ್ಯಾಸದಲ್ಲಿ ಪಾಠದಿಂದ ಬಂದದ್ದು ಬರೀ ಶೇ. 0.1. ಕಲಿತದ್ದು ದಿನ ಕಳೆದಂತೆ ಮಾಸುತ್ತಿತ್ತು. 2022ರಲ್ಲಿ ಪ್ರಕಟವಾದ, 76 ಪ್ರಯೋಗಗಳನ್ನು ಸೇರಿಸಿದ ಲೆಕ್ಕದಲ್ಲಿ ಚಿತ್ರ ಇದಕ್ಕಿಂತ ಬೆಳಕಾಗಿತ್ತು. ಪಾಠದಿಂದ ತಿಳಿವಳಿಕೆಯೂ ನಡವಳಿಕೆಯೂ ಸುಧಾರಿಸಿದ್ದು ಕಂಡಿತು. ಎರಡನ್ನೂ ಓದಿದ ಮೇಲೆ ನನಗೆ ತೋಚಿದ್ದು: ಪಾಠ ಬೇಕು, ಆದರೆ ಕಲಿತದ್ದನ್ನು ಬಳಸುವ ಹೊತ್ತಿಗೆ ಹತ್ತಿರ ಇರಬೇಕು. ಹನ್ನೆರಡು ವರ್ಷದವನಿಗೆ ಮನೆ ಸಾಲದ ಪಾಠ ಮಾಡಿದರೆ ಪರೀಕ್ಷೆ ಮುಗಿದ ದಿನವೇ ಮರೆಯುತ್ತಾನೆ. ಕಾಲೇಜು ಸೇರುವ ತಿಂಗಳಲ್ಲಿ ಓದಿನ ಸಾಲದ ಬಗ್ಗೆ, ಕೆಲಸ ಸಿಕ್ಕ ವಾರದಲ್ಲಿ ಸಂಬಳದ ಚೀಟಿ ಓದುವ ಬಗ್ಗೆ ಹೇಳಿದರೆ ಕಿವಿ ನೆಟ್ಟಗಾಗುತ್ತದೆ.

ನನಗೇ ಕುತ್ತಿಗೆ ತನಕ ಸಾಲ ಇದೆ. ಯಾವ ಮುಖ ಇಟ್ಕೊಂಡು ಮಗಳಿಗೆ ಕಲಿಸ್ಲಿ?

ಈ ಪ್ರಶ್ನೆ ಕೇಳಿದ ತಾಯಿ ದನಿ ತಗ್ಗಿಸಿ, ಉಳಿದವರೆಲ್ಲ ಹೊರಟ ಮೇಲೆ ಕೇಳಿದ್ದರು. ಸಾಲದ ರುಚಿ ಗೊತ್ತಿರುವವರು ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾರು ಹೇಳಲು ಸಾಧ್ಯ? ಮಗಳಿಗೆ ಹದಿನಾರು ಆಗಿತ್ತು. ಸಾಲದ ಪತ್ರವನ್ನೇ ಅವಳ ಮುಂದೆ ಬಿಡಿಸಿ, ಈ ತನಕ ಕಟ್ಟಿದ್ದರಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಅಂತ ಇಬ್ಬರೂ ಕೂತು ಲೆಕ್ಕ ಹಾಕಿ ಅಂದೆ. ಯಾಕೆ ತಗೊಂಡಿರಿ, ಆಗ ಏನು ಗೊತ್ತಿರಲಿಲ್ಲ, ಈಗಾಗಿದ್ದರೆ ಏನು ಕೇಳುತ್ತಿದ್ದಿರಿ, ಅದನ್ನೂ ಹೇಳಿ ಅಂದೆ.

ಅವರು ಮಾಡಿದರು. ಮಗಳು ಆ ರಾತ್ರಿ ಒಂದು ಹಾಳೆಯಲ್ಲಿ ಸ್ಕೇಲು ಹಿಡಿದು ಉಳಿದ ಕಂತಿಗೆ ಒಂದೊಂದರಂತೆ ಚೌಕ ಎಳೆದು, ಬೀರುವಿನ ಬಾಗಿಲ ಒಳಗೆ ಅಂಟಿಸಿದಳಂತೆ. ಕಂತು ಕಟ್ಟಿದ ದಿನ ಒಂದು ಚೌಕಕ್ಕೆ ಬಣ್ಣ ತುಂಬುವುದು ಅವಳ ಕೆಲಸ. ಹೋದ ಸಲ ಸಿಕ್ಕಾಗ ಇನ್ನು ಒಂಬತ್ತು ಉಳಿದಿವೆ ಅಂದರು, ಈ ಸಲ ದನಿ ತಗ್ಗಿಸಿರಲಿಲ್ಲ.